ಸಾಲಿನಲ್ಲಿ ನಿಂತವನ ಹೆಸರು

ಬುಕಾರೆಸ್ಟ್, 9 ಜನವರಿ 1989
(ಅಂಚೆಯಲ್ಲಿ)

ತಿನಾ,

ಹತ್ತು ವರ್ಷದ ಮೇಲೆ ನನ್ನ ಅಕ್ಷರ ಕಂಡು ಯಾರೋ ಸತ್ತರೇನೋ ಅಂದುಕೊಳ್ಳಬೇಡ. ಯಾರೂ ಸತ್ತಿಲ್ಲ. ನನಗೆ ಎಪ್ಪತ್ತೊಂದು ತುಂಬಿತು, ಅಷ್ಟೇ. ಮನೆಯೊಳಗೆ ಓವರ್‌ಕೋಟು ತೊಟ್ಟೇ ಕೂರುತ್ತೇನೆ. ಗೋಡೆಯ ಕಾವುಕೊಳವೆ ಬೆಳಗ್ಗೆ ಒಂದು ಗಂಟೆ ಬೆಚ್ಚಗಿದ್ದು ಆಮೇಲೆ ತನ್ನ ಕರ್ತವ್ಯ ಮುಗಿಯಿತೆಂದು ತಣ್ಣಗಾಗುತ್ತದೆ.

ಗ್ರಂಥಾಲಯದಿಂದ ನಿವೃತ್ತನಾದರೂ ಅಲ್ಲಿಗೆ ಹೋಗಿ ಊರೂರಿನ ಪತ್ರಿಕೆ ಓದುವ ಚಾಳಿ ಬಿಟ್ಟಿಲ್ಲ. ಯಾಶಿಯ ಪತ್ರಿಕೆಯ ಕೃಷಿಪುಟದಲ್ಲಿ ನೀನು ಬರೆದದ್ದನ್ನೆಲ್ಲ ಓದುತ್ತೇನೆ.

ಅಗ್ಲಾಯಾ ಈ ತಿಂಗಳ ಕೊನೆಗೆ ತನ್ನ ಮೊಮ್ಮಗಳನ್ನು ನೋಡಲು ಅಲ್ಲಿಗೆ ಬರುತ್ತಾಳೆ. ಅವಳ ಕೈಯಲ್ಲಿ ಸುಟ್ಟ ಬದನೆಯ ಗೊಜ್ಜು, ಜಕುಸ್ಕಾ, ಒಂದು ಜಾಡಿ ಕಳಿಸುತ್ತೇನೆ. ಬಾಯಿಗೆ ಕಟ್ಟಿದ ಬಟ್ಟೆ ನಿನ್ನ ಅಮ್ಮನ ಕಸೂತಿಯದು. ಹರಿಯಬಾರದು, ನೀನೇ ಬಿಚ್ಚು.

ನಿನ್ನ ಅಪ್ಪ,
ಪಾಂಫಿಲ್ ಜವೊಯಾನು


ಯಾಶಿ, 17 ಜನವರಿ 1989
(ಅಂಚೆಯಲ್ಲಿ)

ಅಪ್ಪ,

ಜಕುಸ್ಕಾ ಬೇಕಿರಲಿಲ್ಲ. ಅಗ್ಲಾಯಾ ಚಿಕ್ಕಮ್ಮನ ಮುಖ ನೋಡಿ ಇಸಿದುಕೊಳ್ಳುತ್ತೇನೆ.

ನೀವು ನನ್ನ ಬರಹ ಓದುತ್ತೀರೆಂದು ನಾನು ಸಂತೋಷಪಡಬೇಕೇ? ನನ್ನ ಮೊಟ್ಟಮೊದಲ ಓದುಗರೂ ನೀವೇ ಅಲ್ಲವೇ. ಎಪ್ಪತ್ತೇಳರ ಭೂಕಂಪದ ವಾರ ನಾನು ವಿದ್ಯಾರ್ಥಿ ಪತ್ರಿಕೆಗೆ ಮೂವತ್ತೊಂದು ಸಾಲು ಬರೆದಿದ್ದೆ. ಒಂದು ಕಟ್ಟಡದಡಿ ಸತ್ತ ಹದಿನೇಳು ಜನರ ಹೆಸರಿತ್ತು. ಅವರಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವಳೂ ಇದ್ದಳು. ಅದು ನಿಮ್ಮ ಸೆನ್ಸಾರ್ ಮೇಜಿನಿಂದ ನಾಲ್ಕು ಸಾಲಾಗಿ ಹೊರಬಂತು. ಹೆಸರು ಒಂದೂ ಉಳಿದಿರಲಿಲ್ಲ. 'ಪರಿಹಾರ ಕಾರ್ಯ ಶಿಸ್ತಿನಿಂದ ನಡೆದಿದೆ' ಎಂದಿತ್ತು. ಕೆಳಗೆ ಅಪ್ಪಣೆಯ ಮುದ್ರೆ, ನಿಮ್ಮ ಸಹಿ.

ಅಮ್ಮನ ಸಮಾಧಿಯ ಮುಂದೆ ಇದನ್ನು ಕೇಳಿದಾಗ 'ನನ್ನ ಕೆಲಸ' ಅಂದಿರಿ. ಈಗ ಓದುವುದೂ ಕೆಲಸವೋ, ಬೇಸರ ಕಳೆಯುವುದಕ್ಕೋ?

ಲಿಯೊಂತಿನಾ


ಬುಕಾರೆಸ್ಟ್, 28 ಜನವರಿ 1989
(ಜಾಡಿಯ ಬಟ್ಟೆಯೊಳಗೆ)

ತಿನಾ,

ಓದಿ ಒಲೆಗೆ ಹಾಕು. ಅಗ್ಲಾಯಾಳಿಗೆ ತಾನು ಹೊತ್ತು ತಂದದ್ದು ಏನೆಂದು ಗೊತ್ತು. ನಿನ್ನ ಅಮ್ಮನ ಜೊತೆ ಮೂವತ್ತು ವರ್ಷ ದಾದಿಯಾಗಿದ್ದವಳು, ಬಾಯಿ ಭದ್ರ.

ಮೊದಲು ಬೈಗುಳ. ಅಂಚೆಯ ಕಾಗದದಲ್ಲಿ ಅಂಥ ಮಾತು ಬರೆಯುತ್ತಾರೆಯೇ? ನಿನ್ನ ಲಕೋಟೆಯ ಅಂಟು ಎರಡು ಸಲ ಒದ್ದೆಯಾಗಿ ಒಣಗಿತ್ತು. ನನ್ನ ಬೆರಳಿಗೆ ಅದು ತಿಳಿಯುತ್ತದೆ.

ಈಗ ವಿಷಯ. ಅಕ್ಟೋಬರಿನಿಂದ ಹೊರದೇಶದ ರೇಡಿಯೊದಲ್ಲಿ ಹದಿನೈದು ದಿನಕ್ಕೊಮ್ಮೆ ಒಂದು ರಾಜಕೀಯ ವ್ಯಾಖ್ಯಾನ ಬರುತ್ತಿದೆ. ದೇಶದೊಳಗಿಂದ ಯಾರೋ ಬರೆದು ಕಳಿಸುವುದು. ಅಲ್ಲಿ ಒಬ್ಬ ಗಂಡಸು ಓದುತ್ತಾನೆ. ಬರೆದವರ ಹೆಸರು 'ಸಾಲಿನಲ್ಲಿ ನಿಂತವ'. ಈ ಊರಿನಲ್ಲಿ ಆ ಹೊತ್ತಿಗೆ ಎಲ್ಲ ಮನೆಯ ನಲ್ಲಿಗಳೂ ಜೋರಾಗಿ ಸುರಿಯುತ್ತವೆ, ರೇಡಿಯೊ ಸದ್ದು ಆಚೆ ಕೇಳದಿರಲಿ ಎಂದು. ಎರಡನೆಯ ವ್ಯಾಖ್ಯಾನ ಕೇಳುವಾಗ ನಾನು ಚಹಾದ ಲೋಟ ಕೆಳಗಿಟ್ಟೆ. ಮೂರನೆಯದಕ್ಕೆ ಎದ್ದು ಹೋಗಿ ಬಾಗಿಲ ಚಿಲಕ ನೋಡಿ ಬಂದೆ.

ನಿನಗೆ ಗೊತ್ತಿದೆಯೋ ಇಲ್ಲವೋ, ನೀನು 'ಆದರೂ' ಅನ್ನುವುದನ್ನು ವಾಕ್ಯದ ಕೊನೆಗೆ ಇಡುತ್ತೀಯ. 'ಗೋದಿ ದಾಖಲೆ ಮುರಿದಿದೆ. ಬ್ರೆಡ್ ಇಲ್ಲ, ಆದರೂ.' ನಿನ್ನ ಅಮ್ಮ ಹಾಗೇ ಮಾತಾಡುತ್ತಿದ್ದಳು. ಮೂರು ಉದ್ದ ವಾಕ್ಯ ಬರೆದು, ಓದುಗ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಒಂದು ಗಿಡ್ಡ ವಾಕ್ಯದಿಂದ ಮೊಟಕುತ್ತೀಯ. ಇದು ಕೃಷಿಪುಟದಲ್ಲೂ ಇದೆ, ಎಪ್ಪತ್ತೇಳರ ಆ ಮೂವತ್ತೊಂದು ಸಾಲಿನಲ್ಲೂ ಇತ್ತು.

ಇಪ್ಪತ್ತಮೂರು ವರ್ಷ ಬೇರೆಯವರ ವಾಕ್ಯ ಕತ್ತರಿಸಿದವನಿಗೆ ಅವರ ನಡಿಗೆ ಗೊತ್ತಾಗಿಬಿಡುತ್ತದೆ. ಕತ್ತಲೆಯಲ್ಲಿ ಮೆಟ್ಟಿಲ ಸದ್ದಿನಿಂದಲೇ ಮನೆಯವರನ್ನು ಗುರುತಿಸುವುದಿಲ್ಲವೇ, ಹಾಗೆ. ಆದರೆ ಈ ವಿದ್ಯೆ ನನ್ನೊಬ್ಬನದಲ್ಲ. ನಮ್ಮ ಸೆನ್ಸಾರ್ ಇಲಾಖೆ ಮುಚ್ಚಿದ ಮೇಲೂ ಈ ಊರಿನಲ್ಲಿ ಇಂಥ ಕಿವಿಯ ನಾಲ್ಕೈದು ಮುದುಕರಿದ್ದೇವೆ. ನನಗೆ ತಿಳಿದದ್ದು ಅವರಿಗೂ ತಿಳಿಯುತ್ತದೆ.

ನಿಲ್ಲಿಸು ತಿನಾ. ಅಪ್ಪನಾಗಿ ಕೇಳುವ ಹಕ್ಕು ಕಳೆದುಕೊಂಡಿದ್ದೇನೆ. ಹೆದರಿದ ಮುದುಕನಾಗಿ ಕೇಳುತ್ತಿದ್ದೇನೆ.

ಅಪ್ಪ


ಯಾಶಿ, 19 ಫೆಬ್ರವರಿ 1989
(ಅಗ್ಲಾಯಾ ಚಿಕ್ಕಮ್ಮನ ಕೈಯಲ್ಲಿ)

ಅಪ್ಪ,

ನಿಮ್ಮ ಕಾಗದ ಓದಿ ಒಲೆಗೆ ಹಾಕಿದೆ. ಮೂರು ದಿನ ಮೆಟ್ಟಿಲ ಮೇಲೆ ಯಾರ ಹೆಜ್ಜೆ ಕೇಳಿದರೂ ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ, ಸುಡುವುದಕ್ಕೆ ಏನೂ ಉಳಿದಿರಲಿಲ್ಲ, ಆದರೂ. ನೋಡಿ, ಮತ್ತೆ ಬರೆದೆ. ಈಗ ಮಾತಾಡುವುದಕ್ಕೂ ಭಯವಾಗುತ್ತದೆ.

ಹೌದು, ನಾನೇ. ಅದು ಹೇಗೆ ಗಡಿ ದಾಟುತ್ತದೆ ಎಂದು ಬರೆಯುವುದಿಲ್ಲ. ನಿಮಗೆ ಗೊತ್ತಿಲ್ಲದ್ದನ್ನು ಯಾರೂ ನಿಮ್ಮಿಂದ ಕಸಿಯಲಾರರು. ಟೈಪು ಮಾಡುವುದಿಲ್ಲ, ಪ್ರತಿ ಜನವರಿ ಟೈಪ್‌ರೈಟರನ್ನು ಹೆಗಲಿಗೆ ಹಾಕಿಕೊಂಡು ಪೊಲೀಸ್ ಠಾಣೆಗೆ ಹೋಗಿ ಅಕ್ಷರದ ಮಾದರಿ ಕೊಟ್ಟು ಬರುವವರಲ್ಲಿ ನಾನೂ ಒಬ್ಬಳು. ಎಡಗೈಯಲ್ಲಿ ಬರೆಯುತ್ತೇನೆ.

ಯಾಕೆ ಶುರುಮಾಡಿದೆ ಅಂತ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಹನ್ನೊಂದು ವರ್ಷದಿಂದ ನನ್ನ ಕೆಲಸ ಇಳುವರಿ ಬರೆಯುವುದು. ಹೊಲದಲ್ಲಿ ಹೆಕ್ಟೇರಿಗೆ ಎರಡು ಟನ್ನು ಕಂಡರೆ ಸಂಪಾದಕರು ಫೋನು ಮಾಡಿ, 'ಕಾಮ್ರೇಡ್ ಜವೊಯಾನು, ಪಕ್ಕದ ಜಿಲ್ಲೆಯವರು ಏಳು ಬರೆದಿದ್ದಾರೆ, ನಮ್ಮ ಭೂಮಿ ಏನು ಬಂಜೆಯೇ?' ಅನ್ನುತ್ತಾರೆ. ಎಂಟು ಬರೆಯುತ್ತೇನೆ. ಕಳೆದ ಸೆಪ್ಟೆಂಬರಿನಲ್ಲಿ ಬೆಳಗಿನ ಬ್ರೆಡ್ಡಿನ ಸಾಲಿನಲ್ಲಿದ್ದೆ. ನನ್ನ ಮುಂದಿದ್ದ ಹಳ್ಳಿ ಹೆಂಗಸು ತಿರುಗಿ ನೋಡಿದಳು.

"ಪತ್ರಿಕೆಯವಳಲ್ಲವೇನಮ್ಮ ನೀನು? ನಮ್ಮ ಸಾಮೂಹಿಕ ಹೊಲಕ್ಕೆ ಬಂದಿದ್ದೆಯಲ್ಲ."

"ಹೌದು."

"ಎಂಟು ಟನ್ನು ಬರೆದೆಯಂತೆ. ನಮ್ಮೂರ ಮೇಷ್ಟ್ರು ಓದಿ ಹೇಳಿದರು. ಆ ಮಿಕ್ಕ ಆರು ಟನ್ನು ಎಲ್ಲಿದೆ ಹೇಳಮ್ಮ, ಚೀಲ ತಂದಿದ್ದೇನೆ."

ಸಾಲಿಗೆ ಸಾಲೇ ನಕ್ಕಿತು. ಸಿಟ್ಟಿಲ್ಲದ ನಗು. ನಾನೂ ನಕ್ಕೆ. ಮನೆಗೆ ಬಂದು ಬಾತ್‌ರೂಮಿನಲ್ಲಿ ಕೂತು ಮೊದಲನೆಯದನ್ನು ಬರೆದೆ. ಅದೊಂದೇ, ಆಮೇಲೆ ಸುಮ್ಮನಿರುತ್ತೇನೆ ಅಂದುಕೊಂಡಿದ್ದೆ.

ನಿಲ್ಲಿಸಲಾರೆ. ಧೈರ್ಯವಿದೆ ಅಂತಲ್ಲ. ಬರೆಯದ ದಿನ ಹೆದರಿಕೆ ಕಡಿಮೆಯಾಗುವುದಿಲ್ಲ, ಅಷ್ಟೇ.

ತಿನಾ


ಬುಕಾರೆಸ್ಟ್, 26 ಮಾರ್ಚ್ 1989
(ಅಗ್ಲಾಯಾಳ ಕೈಯಲ್ಲಿ)

ತಿನಾ,

ಬಂದರು.

ಬಂದವನು ಒಬ್ಬನೇ. ರಹಸ್ಯ ಪೊಲೀಸಿನವನು, ಹೆಸರು ಮೇಜರ್ ತುದೊಸೆ. ನಲವತ್ತರ ಆಸುಪಾಸು, ಮೆದು ದನಿ. ಬಾಗಿಲಲ್ಲಿ ನಿಂತು ಬೂಟಿನ ಕೆಸರನ್ನು ನಿಧಾನವಾಗಿ ಒರೆಸಿಕೊಂಡ. ಅಸಲಿ ಕಾಫಿ ಪುಡಿ ಕಾಲು ಕಿಲೋ ತಂದಿದ್ದ. ಎರಡು ವರ್ಷದಿಂದ ಹುರಿದ ಓಟ್ಸಿನ ನೀರು ಕುಡಿಯುತ್ತಿದ್ದವನಿಗೆ ಆ ವಾಸನೆಗೇ ಬಾಯಲ್ಲಿ ನೀರು ಬಂತು. ನನ್ನ ಮೇಲೆ ನನಗೇ ನಾಚಿಕೆಯಾಯಿತು.

"ಕಾಮ್ರೇಡ್ ಜವೊಯಾನು, ಚಳಿ ಹೇಗಿದೆ?"

"ಮನೆಯೊಳಗಿನದೋ, ಹೊರಗಿನದೋ?" ಅಂದೆ.

ನಕ್ಕ. "ಹಳಬರ ನಾಲಿಗೆ! ಅದಕ್ಕೇ ನಿಮ್ಮ ಹತ್ತಿರ ಬಂದದ್ದು. ನಿಮ್ಮ ಕಿವಿಯ ಬಗ್ಗೆ ನಮ್ಮಲ್ಲಿ ಈಗಲೂ ಕತೆ ಹೇಳುತ್ತಾರೆ. ಸಹಿ ಇಲ್ಲದ ಲೇಖನ ಕೊಟ್ಟರೆ ಬರೆದವನ ಮನೆ ವಿಳಾಸ ಹೇಳುತ್ತಿದ್ದಿರಂತೆ."

ಎರಡು ಕಟ್ಟು ಮೇಜಿನ ಮೇಲಿಟ್ಟ. ಒಂದರಲ್ಲಿ ರೇಡಿಯೊದಿಂದ ಬರೆದುಕೊಂಡ ಹನ್ನೆರಡು ವ್ಯಾಖ್ಯಾನ. ಇನ್ನೊಂದರಲ್ಲಿ ದೇಶದ ನಲವತ್ತು ಪತ್ರಕರ್ತರ ಬರಹದ ಮಾದರಿ. ಹೋಲಿಸಿ ಒಂದು ಹೆಸರು ಕೊಡಬೇಕು. ಮೇ ಒಂದರ ಮೆರವಣಿಗೆಗೆ ಮುಂಚೆ.

ಎರಡನೆಯ ಕಟ್ಟು ತಿರುವಿದೆ. ಹತ್ತೊಂಬತ್ತನೆಯದು ನೀನು. ನನ್ನ ಕಣ್ಣು ಅಲ್ಲಿ ನಿಲ್ಲದಂತೆ ಪುಟ ಮಗುಚಲು ಎಷ್ಟು ಬಲ ಬೇಕಾಯಿತೋ ದೇವರೇ ಬಲ್ಲ.

"ನಿಮ್ಮ ಮಗಳದ್ದೂ ಇದೆ," ಅಂದ ಅವನು, ಕಿಟಕಿ ನೋಡುತ್ತ. "ಬೇಸರ ಬೇಡ. ಯಾರನ್ನೂ ಬಿಡುವ ಹಾಗಿಲ್ಲ. ಮಾತಿಲ್ಲವಂತಲ್ಲ ನಿಮಗೂ ಅವರಿಗೂ?"

"ಹತ್ತು ವರ್ಷದಿಂದ."

"ಜನವರಿಯಲ್ಲಿ ನೀವು ಬರೆದಿರಿ. ಅವರ ಉತ್ತರ ಬಲು ಖಾರ. ಮುದಿ ತಂದೆಗೆ ಹಾಗೆ ಬರೆಯಬಾರದಿತ್ತು." ಎದ್ದು ಕೋಟಿನ ಗುಂಡಿ ಹಾಕಿಕೊಂಡ. "ಒಂದು ಲೆಕ್ಕಕ್ಕೆ ಒಳ್ಳೆಯದೇ. ಪಕ್ಷಪಾತ ಬರುವುದಿಲ್ಲ."

ಅವನು ಹೋದ ಮೇಲೆ ಅಡುಗೆಮನೆಗೆ ಹೋಗಿ ಕೂತೆ. ಯಾವ ಕಾಗದಕ್ಕೆ ನಿನ್ನನ್ನು ಬೈದಿದ್ದೆನೋ ಆ ಸಿಟ್ಟಿನ ಕಾಗದವೇ ನಿನ್ನನ್ನು ಇವತ್ತಿನವರೆಗೆ ಕಾದಿದೆ.

ಹನ್ನೆರಡನ್ನೂ ಕೂತು ಓದಿದೆ. ಕಿವಿಯಲ್ಲಿ ಕೇಳಿದ್ದಕ್ಕೂ ಕಣ್ಣಲ್ಲಿ ಓದುವುದಕ್ಕೂ ವ್ಯತ್ಯಾಸವಿದೆ. ಏಳನೆಯದರಲ್ಲಿ ಕೊಂಚ ಜಂಬ ಇಣುಕಿದೆ. ಉಳಿದ ಹನ್ನೊಂದರಲ್ಲಿ ತೆಗೆಯುವಂಥದ್ದು ಏನೂ ಇಲ್ಲ. ಇದನ್ನು ನಾನು ಎಂದೂ ಯಾರಿಗೂ ಹೇಳಿದವನಲ್ಲ.

ಏನು ಹೇಳಬೇಕೋ ತಿಳಿಯುತ್ತಿಲ್ಲ. 'ಗುರುತು ಹತ್ತಲಿಲ್ಲ' ಅಂದರೆ ಕಟ್ಟು ಇನ್ನೊಬ್ಬ ಮುದುಕನ ಮನೆಗೆ ಹೋಗುತ್ತದೆ.

ಅಪ್ಪ


ಯಾಶಿ, 11 ಏಪ್ರಿಲ್ 1989
(ಅಗ್ಲಾಯಾ ಚಿಕ್ಕಮ್ಮನ ಕೈಯಲ್ಲಿ)

ಅಪ್ಪ,

ಚಿಕ್ಕಮ್ಮ ಮೊಮ್ಮಗಳಿಗೆ ಜ್ವರವೆಂದು ಸುಳ್ಳು ಹೇಳಿ ಎರಡನೆಯ ಸಲ ಬಂದಿದ್ದಾಳೆ. ಇಳಿವಯಸ್ಸಿನಲ್ಲಿ ಅವಳಿಗೆ ಈ ರೈಲಿನ ಶಿಕ್ಷೆ.

ಇಲ್ಲಿಯೂ ಗಾಳಿ ಬದಲಾಗಿದೆ. ನಿನ್ನೆ ಕಚೇರಿಯ ನನ್ನ ಮೇಜಿನ ಖಾನೆಯಲ್ಲಿ ಕಾಗದಗಳೆಲ್ಲ ಇದ್ದವು, ನಾನಿಟ್ಟ ಕ್ರಮದಲ್ಲಲ್ಲ. ಸಂಪಾದಕರು ನನ್ನನ್ನು ಕಂಡರೆ ಟೋಪಿ ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಾರೆ. ರಾತ್ರಿ ಹಲ್ಲು ಕಡಿಯುತ್ತೇನಂತೆ. ಗೋಡೆಯಾಚೆಯ ಮುದುಕಿ ಹೇಳಿದಳು. ಗೋಡೆ ಅಷ್ಟು ತೆಳು ಎಂದು ಈವರೆಗೆ ಗೊತ್ತಿರಲಿಲ್ಲ.

ಒಂದು ಮಾತು ನೇರವಾಗಿ ಕೇಳುತ್ತೇನೆ. ಆ ನಲವತ್ತರಲ್ಲಿ ಬೇರೊಬ್ಬರ ಹೆಸರು ಕೊಡುವ ಯೋಚನೆ ನಿಮಗೆ ಬಂದಿರಬಹುದು. ಬಂದಿಲ್ಲ ಎನ್ನಬೇಡಿ, ನಾನು ನಿಮ್ಮ ಮಗಳು, ನನಗೂ ಬಂತು. ಒಂದು ಗಳಿಗೆ ಯಾರ್ಯಾರಿಗೆ ಮಕ್ಕಳಿಲ್ಲ ಎಂದು ಎಣಿಸಿದೆ. ಹಾಗೇನಾದರೂ ಮಾಡಿದರೆ ನಾನೇ ಆ ಮೇಜರನ ಮುಂದೆ ಹೋಗಿ ನಿಲ್ಲುತ್ತೇನೆ. ಇದು ಬೆದರಿಕೆಯಲ್ಲ.

ನನ್ನ ಹೆಸರನ್ನೇ ಹೇಳಬೇಕಾಗಿ ಬಂದರೆ ಹೇಳಿ. ಮೊದಲೇ ತಿಳಿಸಿದರೆ ಅಷ್ಟು ಸಾಕು. ಉಣ್ಣೆ ಕಾಲುಚೀಲ ಎರಡು ಜೊತೆ ಹಾಕಿಕೊಂಡು ಕೂತಿರುತ್ತೇನೆ.

ತಿನಾ


ಬುಕಾರೆಸ್ಟ್, 5 ಮೇ 1989
(ಅಗ್ಲಾಯಾಳ ಕೈಯಲ್ಲಿ)

ತಿನಾ,

ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಒಬ್ಬ ಕಾವಲು ಕೂತಿದ್ದಾನೆ. ಅಗ್ಲಾಯಾ ರಕ್ತದೊತ್ತಡ ನೋಡುವ ನೆಪದಲ್ಲಿ ಬಂದಿದ್ದಾಳೆ. ಅವಳು ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದಾಳೆ, ನಾನು ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ.

ಏಪ್ರಿಲ್ ಇಪ್ಪತ್ತೆಂಟಕ್ಕೆ ಅವರ ಕಚೇರಿಗೆ ನಾನೇ ಹೋದೆ. ಬೆಳಗ್ಗೆ ಗಡ್ಡ ಹೆರೆಯುವಾಗ ಎರಡು ಕಡೆ ಕೊಯ್ದುಕೊಂಡೆ. ತುದೊಸೆ ಎದ್ದು ನಿಂತು ಕುರ್ಚಿ ಕೊಟ್ಟ.

"ಹೆಸರು ಸಿಕ್ಕಿತೇ?"

"ಸಿಕ್ಕಿತು. ಪಾಂಫಿಲ್ ಜವೊಯಾನು."

"ನಿಮ್ಮ ಹೆಸರಲ್ಲ ಕಾಮ್ರೇಡ್. ಅವನ ಹೆಸರು."

"ಅದನ್ನೇ ಹೇಳಿದೆ."

ಅವನು ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ ಬಾಗಿಲು ಮುಚ್ಚಿ ಬಂದ. ಇಳುವರಿಯ ಸಂಗತಿ ಎಲ್ಲಿಂದ ತಿಳಿಯಿತು? ಗ್ರಂಥಾಲಯದಲ್ಲಿ ಹದಿನೆಂಟು ಜಿಲ್ಲೆಯ ಪತ್ರಿಕೆ ಓದುತ್ತೇನೆ, ಒಂದಕ್ಕೊಂದು ಕೂಡಿಸಿದರೆ ಸುಳ್ಳು ತಾನಾಗಿ ಉದುರುತ್ತದೆ. ಹೊರಗೆ ಹೇಗೆ ಹೋಯಿತು? ಹಳೆಯ ಹಸ್ತಪ್ರತಿ ನೋಡಲು ಬರುತ್ತಿದ್ದ ಫ್ರಾನ್ಸಿನ ವಿದ್ವಾಂಸನೊಬ್ಬ ಒಯ್ದ. ಈಗ ಊರಿಗೆ ಹೋಗಿದ್ದಾನೆ. ಯಾಕೆ ಬರೆದಿರಿ? ಇದಕ್ಕೆ ಉತ್ತರ ಕಟ್ಟಿಕೊಂಡು ಹೋಗಿರಲಿಲ್ಲ. "ಮುದುಕನಾದೆ," ಅಂದೆ.

ಅವನು ಬಿಳಿ ಹಾಳೆ ಮುಂದಿಟ್ಟ. "ಹಾಗಾದರೆ ಇಲ್ಲೇ ಒಂದು ಬರೆಯಿರಿ. ನಾನು ಕಾಯುತ್ತೇನೆ."

ತಿನಾ, ಅರ್ಧ ಗಂಟೆ ಒಂದು ಪದ ಹುಟ್ಟಲಿಲ್ಲ. ಹಾಳೆಯ ಮೇಲೆ ನನ್ನ ಬೆವರು ಬಿತ್ತು. ಬದುಕಿನಲ್ಲಿ ನನ್ನದು ಅನ್ನುವ ಒಂದು ವಾಕ್ಯ ಬರೆದವನಲ್ಲ ನಾನು. ಕೊನೆಗೆ ನಮ್ಮ ಬೀದಿಯ ಹಾಲಿನ ಅಂಗಡಿ ನೆನಪಾಯಿತು. ಅಲ್ಲಿ ಜನ ತಮ್ಮ ಬದಲು ಚೀಲ ಇಟ್ಟು ಸರದಿ ಹಿಡಿಯುತ್ತಾರೆ. ಮೂರನೆಯ ಮಹಡಿಯ ಗಡಿಯಾರ ರಿಪೇರಿಯ ಮುದುಕ ಫೆಬ್ರವರಿಯಲ್ಲಿ ತೀರಿಕೊಂಡ. ಯಾರಿಗೂ ಗೊತ್ತಾಗಲಿಲ್ಲ. ಎರಡು ದಿನ ಅವನ ಚೀಲವನ್ನು ಜನ ಕಾಲಿನಿಂದ ಮೆಲ್ಲಗೆ ಮುಂದೆ ಮುಂದೆ ತಳ್ಳಿದರು. ಅವನ ಸರದಿ ಬಂತು. ಅಂಗಡಿಯವಳು 'ಯಾರದಿದು?' ಅಂದಳು. ಅದನ್ನು ಬರೆದೆ. ನಿನ್ನ ಹಾಗೆ ಮೂರು ಉದ್ದ, ಒಂದು ಗಿಡ್ಡ. ಎಲ್ಲಿ ಬೇಕೋ ಅಲ್ಲಿ ನಿನ್ನ ಅಮ್ಮನ ಮಾತು.

ತುದೊಸೆ ಎರಡು ಸಲ ಓದಿದ. "ಚೆನ್ನಾಗಿದೆ," ಅಂದ, ಬಾಯಿ ತಪ್ಪಿದಂತೆ. ನಂಬಿದನೋ, ಹಬ್ಬಕ್ಕೆ ಮುಂಚೆ ಕಡತ ಮುಚ್ಚಲು ಅವನಿಗೊಂದು ಹೆಸರು ಬೇಕಿತ್ತೋ, ನನಗೆ ತಿಳಿಯದು.

ಮುದುಕನೆಂದು ಜೈಲಿಲ್ಲ. ಬರಗಾನ್ ಬಯಲಿನ ಹಳ್ಳಿಯೊಂದರಲ್ಲಿ ಕಡ್ಡಾಯ ವಾಸ. ನಾಳೆ ಒಯ್ಯುತ್ತಾರೆ. ನೀನು ಇನ್ನು ಬರೆಯಬೇಡ. ಬರೆದರೆ ನನ್ನ ಸುಳ್ಳು ಹೊರಬೀಳುತ್ತದೆ.

ಅಪ್ಪ


ಯಾಶಿ, 23 ಮೇ 1989
(ಅಗ್ಲಾಯಾ ಚಿಕ್ಕಮ್ಮನ ಕೈಯಲ್ಲಿ)

ಅಪ್ಪಾ,

ಏನು ಮಾಡಿಬಿಟ್ಟೆ ನೀನು. ಯಾರು ಕೇಳಿದ್ದರು ನಿನ್ನನ್ನು?

ನಾಲ್ಕು ದಿನ ಅತ್ತೆ. ಐದನೆಯ ದಿನ ಸಿಟ್ಟು ಬಂತು. ನನ್ನನ್ನು ಉಳಿಸಿದೆ, ಸರಿ. ಆದರೆ ನನ್ನ ಬಾಯಿಯನ್ನೂ ಮುಚ್ಚಿಸಿದೆ. ನಾನು ಒಂದು ಸಾಲು ಬರೆದರೂ ಅದು ನಿನ್ನ ಕುತ್ತಿಗೆಗೆ. ಎಪ್ಪತ್ತೇಳರಲ್ಲಿ ಮೂವತ್ತೊಂದರಲ್ಲಿ ನಾಲ್ಕು ಸಾಲಾದರೂ ಉಳಿಸಿದ್ದೆ. ಈ ಸಲ ಅಷ್ಟನ್ನೂ ಉಳಿಸಲಿಲ್ಲ.

ಹೀಗೆ ಬರೆಯುತ್ತಲೇ ನಿನಗೆ ಆ ಹಳ್ಳಿಯಲ್ಲಿ ಹಾಸಿಗೆ ಇದೆಯೋ ಇಲ್ಲವೋ ಅಂತ ಚಿಂತೆ. ಮಂಡಿಗೆ ಹಚ್ಚುವ ಎಣ್ಣೆ, ಬೀನ್ಸು, ಒಂದು ಕಂಬಳಿ ಚಿಕ್ಕಮ್ಮನ ಕೈಯಲ್ಲಿ ಕಳಿಸಿದ್ದೇನೆ.

ಕಚೇರಿಯಲ್ಲಿ ಎಲ್ಲರಿಗೂ ಸುದ್ದಿ ಮುಟ್ಟಿದೆ. ಮುದ್ರಣದ ಕೋಣೆಯ ಹೆಂಗಸೊಬ್ಬಳು ನಡುದಾರಿಯಲ್ಲಿ ನನ್ನ ಮೊಣಕೈ ಹಿಂಡಿ, 'ಎಂಥ ಅಪ್ಪ ನಿನಗೆ!' ಎಂದು ಓಡಿಹೋದಳು. ನಾನು ತಲೆ ತಗ್ಗಿಸಿ ಟೊಮೆಟೊ ಇಳುವರಿ ಬರೆದೆ.

ತಿನಾ


ಬರಗಾನ್ ಬಯಲು, 22 ಅಕ್ಟೋಬರ್ 1989
(ಅಗ್ಲಾಯಾಳ ಕೈಯಲ್ಲಿ)

ತಿನಾ,

ಐದು ತಿಂಗಳು ನಿನಗೆ ಬರೆಯಲಿಲ್ಲ. ಆರೋಗ್ಯ ಕಾರಣವಲ್ಲ, ನಾಚಿಕೆ.

ಇಲ್ಲಿಗೆ ಬಂದಾಗ ಜನ ಬೇಲಿಯ ಸಂದಿಯಿಂದ ನೋಡುತ್ತಿದ್ದರು. ಈಗ ಮೂಲೆಮನೆಯ ಸವ್ತಾ ಮುದುಕಿ ಮೆಕ್ಕೆಜೋಳದ ಮುದ್ದೆ, ಗಿಣ್ಣು ತಂದು ಕಿಟಕಿಯಲ್ಲಿಟ್ಟು ಹೋಗುತ್ತಾಳೆ. ಕ್ಷೌರಿಕ ನಾನು ಹೋದರೆ ಕುರ್ಚಿ ಒರೆಸುತ್ತಾನೆ. ಊರ ಗೇಟಿನ ಪೊಲೀಸಿನವನು ಹೋದ ವಾರ ನನ್ನ ಗುರುತುಪತ್ರ ನೋಡುವ ನಾಟಕ ಮಾಡುತ್ತ ಪಿಸುಗುಟ್ಟಿದ:

"ತಾತ, ಆ ಹಾಲಿನಂಗಡಿಯದ್ದು, ಚೀಲದ್ದು, ನಿಜವೇ?"

"ನಿನಗೆ ಯಾರು ಹೇಳಿದರು?"

"ಅವರ ಕಚೇರಿಯಿಂದಲೇ ಹೊರಗೆ ಬಂದಿದೆ. ಟೈಪಿನವಳು ಬಾಯಿಪಾಠ ಮಾಡಿದಳಂತೆ. ನಮ್ಮಮ್ಮ ಕೇಳಿ ಅತ್ತಳು." ಮೂಗು ಒರೆಸಿಕೊಂಡು ಗಟ್ಟಿಯಾಗಿ, "ಸರಿ ನಡಿ, ನಡಿ!" ಅಂದ.

ಅವರೆಲ್ಲ ನನಗೆ ಕೊಡುವ ಮರ್ಯಾದೆ ನಿನ್ನದು ತಿನಾ. ಅದನ್ನು ಉಂಡು ಕೂತಿದ್ದೇನೆ. ಯಾರ ವಾಕ್ಯಗಳನ್ನು ಇಪ್ಪತ್ತಮೂರು ವರ್ಷ ಕೊಂದೆನೋ ಅವರ ಸಾಲಿನಲ್ಲಿ ನನ್ನನ್ನು ನಿಲ್ಲಿಸಿ ಕೈಮುಗಿಯುತ್ತಾರೆ.

ನಿನ್ನ ಕಾಗದದ ಮಾತು ದಿನಾ ಚುಚ್ಚುತ್ತಿದೆ. ನೀನು ಹೇಳಿದ್ದು ನಿಜ, ನಾನು ಮತ್ತೆ ಕತ್ತರಿಸಿದೆ, ಈ ಸಲ ಪ್ರೀತಿಯಿಂದ. ಕತ್ತರಿಸಿಕೊಂಡವಳಿಗೆ ಎರಡೂ ಒಂದೇ.

ಮುಂದಿನ ತಿಂಗಳು ರಾಜಧಾನಿಯಲ್ಲಿ ಪಕ್ಷದ ಮಹಾಧಿವೇಶನ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಬರೆ. ನಾನು ಸುಳ್ಳುಗಾರನಾದರೆ ಆಗಲಿ. ನನ್ನನ್ನು ಧೀರನೆಂದುಕೊಳ್ಳಬೇಡ. ಅವರು ಮತ್ತೆ ಬಂದಾಗ ಏನು ಹೇಳುವುದೆಂದು ನನಗೆ ಗೊತ್ತಿಲ್ಲ. ಆದರೆ ನೀನು ಬರೆ.

ಅಪ್ಪ


ಬುಕಾರೆಸ್ಟ್, 30 ಜನವರಿ 1990
(ಅಂಚೆಯಲ್ಲಿ)

ಅಪ್ಪಾ,

ಅಂಚೆಯಲ್ಲಿ ಹಾಕುತ್ತಿದ್ದೇನೆ. ಪೆಟ್ಟಿಗೆಯ ಮುಂದೆ ಕೈ ತಾನಾಗಿ ಹಿಂದೆ ಬಂತು.

ಡಿಸೆಂಬರಿನಲ್ಲಿ ಆಸ್ಪತ್ರೆಯಲ್ಲಿ ನಿನ್ನ ಪಕ್ಕ ಕೂತಾಗ ಇದನ್ನು ಹೇಳಲಾಗಲಿಲ್ಲ. ನೀನು ಬರೆ ಅಂದೆ, ಬರೆದೆ. ನವೆಂಬರ್ ಇಪ್ಪತ್ತಾರಕ್ಕೆ ರೇಡಿಯೊದಲ್ಲಿ ಬಂತು. ಇಪ್ಪತ್ತೆಂಟಕ್ಕೆ ನಿನ್ನನ್ನು ಒಯ್ದರು. ಇಪ್ಪತ್ತಮೂರು ದಿನ ನೀನೆಲ್ಲಿದ್ದೀಯೆಂದು ಯಾರಿಗೂ ತಿಳಿದಿರಲಿಲ್ಲ. ನನ್ನ ಬಾಗಿಲನ್ನೂ ತಟ್ಟುತ್ತಾರೆಂದು ಕೋಟು ಹಾಕಿಕೊಂಡೇ ಮಲಗುತ್ತಿದ್ದೆ. ಬರಲಿಲ್ಲ. ಯಾಕೆಂದು ಆಸ್ಪತ್ರೆಯಲ್ಲಿ ನಿನ್ನ ಆರೈಕೆಗಿದ್ದ ಚಿಕ್ಕಮ್ಮ ಆಮೇಲೆ ಹೇಳಿದಳು. 'ನನ್ನದೇ, ಮೊದಲೇ ಬರೆದು ಕಳಿಸಿದ್ದೆ' ಎಂದು ನೀನು ಒಂದೇ ಮಾತು ಹಿಡಿದು ಕೂತೆಯಂತೆ. ಎಡಗಿವಿ ಅಲ್ಲೇ ಹೋಯಿತು. ಆಮೇಲೆ ಬೀದಿಗೆ ಜನ ಬಂದರು, ಗುಂಡು ಹಾರಿತು, ಸರ್ಕಾರ ಬಿತ್ತು, ಜೈಲಿನ ಬಾಗಿಲುಗಳು ತೆರೆದವು. ಒಂದು ವಾರ ತಡವಾಗಿದ್ದರೆ? ಆ ಲೆಕ್ಕ ಹಾಕಲು ನನಗೆ ಧೈರ್ಯವಿಲ್ಲ.

ಈಗ ಹೊಸ ಪತ್ರಿಕೆ ಒಂದಕ್ಕೆ ನಾನು ರಾಜಕೀಯ ವ್ಯಾಖ್ಯಾನ ಬರೆಯುವವಳು. ಎರಡು ಕೋಣೆ, ಆರು ಕುರ್ಚಿ, ಒಂಬತ್ತು ಜನ. ಸಹಿ ಹಾಕಿ ಬರೆಯುತ್ತೇನೆ. ಫೋನು ಎತ್ತಿದರೆ ಆ ಕಡೆ ಬರೀ ಉಸಿರು. ಮೊನ್ನೆ ಸಚಿವಾಲಯದ ಮೊಗಸಾಲೆಯಲ್ಲಿ ತೋಳಿಗೆ ಕ್ರಾಂತಿಯವರ ತ್ರಿವರ್ಣದ ಪಟ್ಟಿ ಕಟ್ಟಿಕೊಂಡ ಒಬ್ಬ ಟೋಪಿ ತೆಗೆದ. "ಅಭಿನಂದನೆ ಮೇಡಂ. ನಾನು ತುದೊಸೆ. ನಿಮ್ಮ ತಂದೆ ಒಳ್ಳೆಯ ಬರಹಗಾರರು." ಈಗ ಅವನು ಸಲಹೆಗಾರನಂತೆ. ನಾನು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ನಿಂತೆ.

ನಮ್ಮ ಸಂಪಾದಕರಿಗೆ 'ಸಾಲಿನಲ್ಲಿ ನಿಂತವ'ನ ಹದಿಮೂರೂ ವ್ಯಾಖ್ಯಾನ ಅಚ್ಚುಹಾಕುವ ಆಸೆ, ನಿನ್ನ ಫೋಟೊ ಸಮೇತ. ಬರೆದದ್ದು ನಾನು ಅಂದೆ. "ನನಗೆ ಗೊತ್ತಾಯಿತು ಬಿಡಮ್ಮ," ಅಂದರು. "ಆದರೆ ಜನಕ್ಕೆ ಒಬ್ಬ ಮುದುಕ ಬೇಕು. ಮೂವತ್ತನಾಲ್ಕರ ಹೆಂಗಸನ್ನು ಯಾರು ನಂಬುತ್ತಾರೆ? ನಿನ್ನ ಅಪ್ಪನ ಹೆಸರೇ ತಾನೆ, ಮನೆಯಲ್ಲೇ ಉಳಿಯುತ್ತದೆ."

ಇದರ ಜೊತೆ ನಾನು ಬರೆದ ಲೇಖನ ಇಟ್ಟಿದ್ದೇನೆ. ಯಾರು ಬರೆದರು, ಯಾರು ತನ್ನ ಮೇಲೆ ಹಾಕಿಕೊಂಡರು, ಎಲ್ಲ ಇದೆ. ನಿನ್ನ ಇಪ್ಪತ್ತಮೂರು ವರ್ಷದ ಕೆಲಸವೂ ಇದೆ, ಹದಿನೇಳು ಹೆಸರುಗಳೂ ಇವೆ. ಅದಿಲ್ಲದೆ ಉಳಿದದ್ದು ಅರ್ಥವಾಗುವುದಿಲ್ಲ. ಆದರೆ ಆ ಹಳ್ಳಿಗೇ ನೀನಾಗಿ ಮರಳಿದ್ದೀಯ, ಅಲ್ಲಿ ಇನ್ನೂ ಬದುಕಬೇಕು. ಬೇಡ ಅಂದರೆ ಹಾಕುವುದಿಲ್ಲ, ಸಿಟ್ಟೂ ಮಾಡಿಕೊಳ್ಳುವುದಿಲ್ಲ.

ನಿನ್ನ ತಿನಾ


ಬರಗಾನ್ ಬಯಲು, 25 ಫೆಬ್ರವರಿ 1990
(ಅಂಚೆಯಲ್ಲಿ)

ಮಗಳೇ,

'ಹಾಕು' ಎಂದು ತಂತಿ ಕಳಿಸಿದ ಮೇಲೆ ಒಂದು ವಾರ ನಾನು ಮನುಷ್ಯನಾಗಿರಲಿಲ್ಲ. ಮೇಜರನ ಕೋಣೆಯಲ್ಲೂ ಇಷ್ಟು ಹೆದರಿರಲಿಲ್ಲ ಅನ್ನಿಸುತ್ತದೆ. ಅಲ್ಲಿದ್ದವರು ಪರಕೀಯರು. ಇಲ್ಲಿಯವರು ನನಗೆ ಊಟ ಕೊಟ್ಟವರು.

ಪತ್ರಿಕೆ ಗುರುವಾರ ಬಂತು. ಅಂಗಡಿಯಲ್ಲಿ ಯಾರೋ ಗಟ್ಟಿಯಾಗಿ ಓದಿದರಂತೆ. ಶುಕ್ರವಾರ ಸವ್ತಾ ಮುದುಕಿಯ ಕಿಟಕಿ ಮುಚ್ಚಿತ್ತು. ಕ್ಷೌರಿಕ ನನ್ನನ್ನು ನೋಡಿ ಕೈಯಲ್ಲಿದ್ದ ಟವೆಲು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ನಾನು ಹೊರಗೆ ಬಂದೆ.

ಶನಿವಾರ ಮಧ್ಯಾಹ್ನ ಬೇಲಿಯ ಬಳಿ ಒಬ್ಬರು ನಿಂತಿದ್ದರು. ಊರಿನ ನಿವೃತ್ತ ಮೇಷ್ಟ್ರು, ಹೆಸರು ಇಯೊರ್ಗು ಸ್ಪತಾರು. ನನ್ನ ವಯಸ್ಸಿನವರೇ. ಈವರೆಗೆ ನನ್ನ ಜೊತೆ ಹೆಚ್ಚು ಮಾತಾಡಿದವರಲ್ಲ. ಒಳಗೆ ಬನ್ನಿ ಅಂದೆ. ಬರಲಿಲ್ಲ.

"ಅರವತ್ತೊಂದರಲ್ಲಿ ನನ್ನ ತಮ್ಮ ಬುಕಾರೆಸ್ಟಿನ ಪತ್ರಿಕೆಗೆ ಒಂದು ಕವಿತೆ ಕಳಿಸಿದ್ದ. ನಲವತ್ತು ಸಾಲು. ಅಚ್ಚಾದದ್ದು ಆರು. ಅದೂ ಟ್ರಾಕ್ಟರಿನ ಕವಿತೆಯಾಗಿ. ಅವನು ಮತ್ತೆ ಬರೆಯಲಿಲ್ಲ. ಕುಡಿದು ಸತ್ತ. ಅದು ನೀವೇ ಮಾಡಿದ್ದೋ?"

ನನ್ನ ಸರಿಯಿರುವ ಕಿವಿಯನ್ನು ಅವರ ಕಡೆ ತಿರುಗಿಸಿ ಮತ್ತೊಮ್ಮೆ ಹೇಳಿ ಅಂದೆ. ಕೇಳಿಸಿತ್ತು, ಹೊತ್ತು ಬೇಕಿತ್ತು. ಅವರು ಮತ್ತೊಮ್ಮೆ ಹೇಳಿದರು, ಒಂದು ಪದ ಬದಲಿಸದೆ.

"ಇರಬಹುದು," ಅಂದೆ.

"ಹೌದು ಅಥವಾ ಇಲ್ಲ ಅನ್ನಿ."

"ವಾರಕ್ಕೆ ಸಾವಿರ ಪುಟ ಬರುತ್ತಿತ್ತು ಮೇಷ್ಟ್ರೇ. ನೆನಪಿಲ್ಲ. ನಾನಲ್ಲದಿದ್ದರೆ ಪಕ್ಕದ ಮೇಜಿನವನು. ನನ್ನ ಮೇಜಿಗೆ ಬಂದಿದ್ದರೂ ಅಷ್ಟೇ ಉಳಿಸುತ್ತಿದ್ದೆ."

ಅವರು ತಿರುಗಿ ಹೋದರು. ನಾನು ಬೇಲಿ ಹಿಡಿದೇ ನಿಂತಿದ್ದೆ. ದೊಣ್ಣೆ ತರಲು ಹೋಗಿದ್ದಾರೆಂದುಕೊಂಡೆ. ತಂದರೆ ತರಲಿ, ಒಳಗೆ ಹೋಗಬಾರದು ಎಂದು ನಿಂತೆ.

ಕಾಲು ಗಂಟೆಯ ಮೇಲೆ ಬಂದರು. ಕೈಯಲ್ಲಿ ಶಾಲೆಯ ನೋಟುಬುಕ್ಕು, ಹಳದಿಯಾದದ್ದು. ನಡುವಿನ ಪುಟ ತೆರೆದು ನನ್ನ ಮುಂದೆ ಹಿಡಿದರು.

"ಪೂರ್ತಿ ಓದಿ. ಗಟ್ಟಿಯಾಗಿ."

ಓದಿದೆ ತಿನಾ. ಬೀದಿಯಲ್ಲಿ ನಿಂತು, ಗಾಳಿಗೆ ಪುಟ ಹಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ನಲವತ್ತು ಸಾಲೂ ಓದಿದೆ. ಅವನ ತಾಯಿ ಬಾವಿಯಿಂದ ನೀರು ಸೇದುವುದರ ಬಗ್ಗೆ ಇತ್ತು. ಅಷ್ಟೇನೂ ಒಳ್ಳೆಯ ಕವಿತೆಯಲ್ಲ. ಹದಿನೈದನೆಯ ಸಾಲಿನಲ್ಲಿ ಲಯ ಎಡವುತ್ತದೆ, ಕೊನೆ ಸಪ್ಪೆ. ಅವನ ತಾಯಿಯ ಬಗ್ಗೆ ಇತ್ತು, ಅಷ್ಟೇ.

ಓದಿ ಮುಗಿಸಿ ತಲೆ ಎತ್ತಿದೆ. ಮೇಷ್ಟ್ರು ನೋಟುಬುಕ್ಕಿಗೆ ಕೈ ಚಾಚಲಿಲ್ಲ. ಆಗ ನಾನು ಪುಟವನ್ನು ಮತ್ತೆ ಮೇಲಿನಿಂದ ಓದತೊಡಗಿದೆ.

ನಿನ್ನ ಅಪ್ಪ,
ಪಾಂಫಿಲ್